ಅಪ್ಪ ಬರೆದುಕೊಟ್ಟ ಎದುರು ವಾದ

ನಾನು ಹನ್ನೆರಡನೆಯ ತರಗತಿಗೆ ಕಾಲಿಟ್ಟ ವರ್ಷ ಅಪ್ಪ ತನ್ನ ಕಾರ್ಖಾನೆಯ ಯೂನಿಯನ್ನಿಗೆ ಸೆಕ್ರೆಟರಿಯಾಗಿದ್ದ. ವರ್ಷ ಮುಗಿಯುವಷ್ಟರಲ್ಲಿ ಆ ಜವಾಬ್ದಾರಿ ಅವನ ಕೈಯಲ್ಲಿರಲಿಲ್ಲ. ಅದಕ್ಕೆ ನಾನು ಕಾರಣ ಎಂದು ಮನೆಯಲ್ಲಿ ಯಾರೂ ಯಾವತ್ತೂ ಹೇಳಲಿಲ್ಲ. ಒಂದು ಸಲ ಬೈದು ಮುಗಿಸಿದ್ದರೆ ಬಹುಶಃ ನಾನು ಇದನ್ನು ಮರೆತುಬಿಡುತ್ತಿದ್ದೆ.

ತೊಂಬತ್ತರ ದಶಕದ ನಡುವಿನ ವರ್ಷಗಳು ಅವು. ನಾವು ಮುಂಬೈ ಹೊರವಲಯದ ಠಾಕುರ್ಲಿಯಲ್ಲಿ ರೈಲು ಹಳಿಗಳ ಪಕ್ಕದ ಒಂದು ಚಾಳಿನಲ್ಲಿದ್ದೆವು. ಒಂದೇ ಕೋಣೆಯ ಖೋಲಿ, ಮುಂದೆ ಎಲ್ಲರಿಗೂ ಸೇರಿದ ಗ್ಯಾಲರಿ, ಗ್ಯಾಲರಿಯ ಕೊನೆಗೆ ಎಲ್ಲರಿಗೂ ಸೇರಿದ ನಲ್ಲಿ. ಅಪ್ಪ ಬಿಜಾಪುರದ ಕಡೆಯವನು. ಮದುವೆಗೆ ಮುಂಚೆ ಕಲ್ಯಾಣಕ್ಕೆ ಬಂದು ಲಾರಿಗಳಿಗೆ ಮಾಲು ತುಂಬುತ್ತಿದ್ದವನು ಆಮೇಲೆ ರಬಾಳೆಯ ಒಂದು ಔಷಧ ಕಾರ್ಖಾನೆಯ ಪ್ಯಾಕಿಂಗ್ ವಿಭಾಗ ಸೇರಿದ. ಯಾವಾಗಲೂ ಬೆಳಗಿನ ಪಾಳಿ. ಠಾಣೆಯವರೆಗೆ ಲೋಕಲ್ಲು, ಅಲ್ಲಿಂದ ಬಸ್ಸು. ಸಂಜೆ ಐದಕ್ಕೆ ಮನೆಗೆ ಬಂದರೆ ಅವನ ಅಂಗಿಯಿಂದ ಗುಳಿಗೆಯ ಕಹಿ ವಾಸನೆ ಬರುತ್ತಿತ್ತು. ಸೋಪು ಹಚ್ಚಿ ತೊಳೆದರೂ ಅದು ಪೂರ್ತಿ ಹೋಗುತ್ತಿರಲಿಲ್ಲ.

ಊರಲ್ಲಿ ಏಳನೆಯವರೆಗೆ ಓದಿದ್ದ ಅಪ್ಪನಿಗೆ ಪೇಪರಿನ ಹುಚ್ಚು. ಡೊಂಬಿವಲಿ ಸ್ಟೇಷನ್ ಪಕ್ಕ ಕರಾವಳಿ ಕಡೆಯವರೊಬ್ಬರ ಹೊಟೇಲಿತ್ತು. ಅಲ್ಲಿಗೆ ಬರುತ್ತಿದ್ದ ಕನ್ನಡ ಪೇಪರನ್ನು ಮಾರನೆಯ ದಿನ ಅಪ್ಪನಿಗಾಗಿ ತೆಗೆದಿಡುತ್ತಿದ್ದರು. ಅದನ್ನು ಅವನು ಗ್ಯಾಲರಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದ. ಕೇಳುವವರು ಅವ್ವ, ನಾನು, ಭಾನುವಾರವಾದರೆ ಕಾಕಾ.

ಕಾಕಾ ನಮ್ಮ ಸಂಬಂಧಿಕನಲ್ಲ. ಗುಲ್ಬರ್ಗದ ಕಡೆಯವನು, ಅಪ್ಪನ ಜೊತೆ ಅದೇ ಪ್ಯಾಕಿಂಗ್ ಮೇಜಿನಲ್ಲಿ ಹದಿನೈದು ವರ್ಷ ನಿಂತವನು. ಹೆಂಡತಿ ಮಕ್ಕಳು ಊರಲ್ಲಿ, ತಾನು ಕಲ್ಯಾಣದಲ್ಲಿ ನಾಲ್ಕು ಜನರ ಜೊತೆ ಒಂದು ಖೋಲಿಯಲ್ಲಿ. ಭಾನುವಾರದ ಊಟ ಮಾತ್ರ ನಮ್ಮ ಮನೆಯಲ್ಲಿ. ಯೂನಿಯನ್ನಿನ ಚುನಾವಣೆಯಲ್ಲಿ ಅಪ್ಪನ ಹೆಸರು ಹೇಳಿ, ಒಬ್ಬೊಬ್ಬರ ಹತ್ತಿರ ಹೋಗಿ ಮಾತಾಡಿ, ಅವನನ್ನು ಗೆಲ್ಲಿಸಿದವನೂ ಕಾಕಾನೇ.

ಇವರಿಬ್ಬರ ನಡುವೆ ನಾನು ಕನ್ನಡ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುವ ಹುಡುಗಿ. ನಾಲ್ಕನೆಯವರೆಗೆ ಕನ್ನಡ ಶಾಲೆಯಲ್ಲಿ ಕಲಿತಿದ್ದರಿಂದ ಅಕ್ಷರ ಬರುತ್ತಿತ್ತು, ಅಷ್ಟೆ. ಅವ್ವ "ಉಣ್ತಿ ಏನ?" ಎಂದರೆ "ಬಾದ್ ಮೇ", ಆಮೇಲೆ, ಎನ್ನುತ್ತಿದ್ದೆ. ಅಪ್ಪನಿಗೆ ಅದು ಚುಚ್ಚುತ್ತಿತ್ತು, ಆದರೆ ಬೈಯುತ್ತಿರಲಿಲ್ಲ.

ಆ ಹೊಟೇಲಿನ ಮಾಲೀಕರು ಡೊಂಬಿವಲಿಯ ಒಂದು ಕನ್ನಡ ಸಂಘದ ಅಧ್ಯಕ್ಷರೂ ಆಗಿದ್ದರು. ಆ ವರ್ಷ ಸಂಘದವರು ಕಾಲೇಜು ಮಕ್ಕಳಿಗೆ ಚರ್ಚಾಸ್ಪರ್ಧೆ ಇಟ್ಟರು. ಒಂದು ಸಂಜೆ ಪೇಪರ್ ತರಲು ನಾನೂ ಅಪ್ಪನ ಜೊತೆ ಹೋಗಿದ್ದಾಗ ಅವರು ದುಡ್ಡಿನ ಗಲ್ಲೆಯ ಹಿಂದಿನಿಂದಲೇ ಹೇಳಿದರು:

"ನಿಮ್ಮ ಮಗಳ ಹೆಸರು ಕೊಡಿ ಮಾರಾಯ್ರೆ. ಇಲ್ಲಿ ಹುಟ್ಟಿದ ಮಕ್ಕಳು ಒಬ್ಬರೂ ಮುಂದೆ ಬರುವುದಿಲ್ಲ. ನಮ್ಮ ಮನೆಯಲ್ಲೇ ಎಂತ, ಮಗನಿಗೆ ತುಳುವೂ ಇಲ್ಲ, ಕನ್ನಡವೂ ಇಲ್ಲ."

ವಿಷಯ ಏನೆಂದು ಅಪ್ಪ ಕೇಳಿದ. ಅವರು ಛಾಪಿಸಿದ ಕಾಗದ ಕೊಟ್ಟರು: ನಮ್ಮ ದೇಶ ವಿಶ್ವ ವ್ಯಾಪಾರದ ಒಕ್ಕೂಟದಿಂದ ಹೊರಗೆ ಬರಬೇಕೆ?

ಅಪ್ಪನ ಮುಖ ಅರಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಜಗತ್ತಿನ ದೇಶಗಳು ಸೇರಿ ಕಟ್ಟಿಕೊಂಡ ಆ ಒಕ್ಕೂಟಕ್ಕೆ ನಮ್ಮ ಸರ್ಕಾರವೂ ಆಗತಾನೇ ಸೇರಿತ್ತು. ಉಳಿದವರಿಗೆ ಅದು ಪೇಪರಿನ ಸುದ್ದಿ, ಅಪ್ಪನಿಗೆ ಅನ್ನದ ಪ್ರಶ್ನೆ. ಹೊರದೇಶದ ಕಂಪನಿ ಕಂಡುಹಿಡಿದ ಮದ್ದನ್ನು ಬೇರೆ ದಾರಿಯಿಂದ ತಯಾರಿಸಿ ಅಗ್ಗಕ್ಕೆ ಮಾರಲು ಆವರೆಗೆ ನಮ್ಮ ಕಾನೂನಿನಲ್ಲಿ ಅವಕಾಶವಿತ್ತು. ಅಪ್ಪನ ಕಾರ್ಖಾನೆ ಬದುಕಿದ್ದೇ ಹಾಗೆ. ಒಕ್ಕೂಟದ ಹೊಸ ನಿಯಮ ಆ ದಾರಿಯನ್ನು ಕೆಲವು ವರ್ಷಗಳಲ್ಲಿ ಮುಚ್ಚುತ್ತದೆ ಎಂದು ಅವನು ಓದಿದ್ದ. ಒಕ್ಕೂಟ ಬಿಟ್ಟು ಬರಬೇಕು ಎಂದು ಗೇಟಿನ ಸಭೆಗಳಲ್ಲಿ ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಮಾತಾಡುತ್ತಿದ್ದ. ಇದೇ ವಿಷಯಕ್ಕೆ ಮುಂಬೈಯಲ್ಲಿ ಒಂದು ಮೋರ್ಚಾ ಆಗುವುದಿತ್ತು. ರಬಾಳೆಯ ಕನ್ನಡದವರನ್ನೆಲ್ಲ ಕರೆದುಕೊಂಡು ಹೋಗುವ ಹೊಣೆ ಅವನದು.

"ಹೆಸರ ಬರಕೋರಿ," ಎಂದ. ನನ್ನನ್ನು ಕೇಳಲಿಲ್ಲ.

ಸ್ಪರ್ಧೆಗೆ ಒಂದು ವಾರ ಮುಂಚೆ ಹೊಟೇಲಿನ ಮಹಡಿಯಲ್ಲಿ ಚೀಟಿ ಎತ್ತಿಸಿದರು. ಯಾರು ಯಾವ ಪಕ್ಷ ಎನ್ನುವುದು ಚೀಟಿಯ ಮೇಲೆ. ನಾನು ಎತ್ತಿದ್ದರಲ್ಲಿ "ಬರಬಾರದು" ಎಂದಿತ್ತು.

ಅಪ್ಪ ಅಧ್ಯಕ್ಷರನ್ನು ಪಕ್ಕಕ್ಕೆ ಕರೆದ. "ಇದನ್ನ ಬದಲ ಮಾಡಾಕ ಬರ್ತೈತಿ ಏನ್ರಿ?"

"ಅದು ಆಗುವುದಿಲ್ಲ ಮಾರಾಯ್ರೆ. ಒಬ್ಬರಿಗೆ ಬದಲಾಯಿಸಿದರೆ ಎಲ್ಲರೂ ಬರ್ತಾರೆ. ಚರ್ಚೆ ಅಂದ್ರೆ ಅದೇ ಅಲ್ವಾ? ಬಂದ ಪಕ್ಷವನ್ನು ಮಾತಾಡುವುದು."

ಮನೆಗೆ ಬಂದೆವು. ವಿಷಯ ತಿಳಿದ ಅವ್ವ, "ಹಂಗಾದ್ರ ಹುಡುಗಿ ಹೆಸರ ತಗಸ್ರಿ. ನಿಮ್ಮ ಮಂದಿ ಏನಂದಾರು?" ಎಂದಳು.

"ಕೊಟ್ಟ ಹೆಸರ ತಗಿಯೂದು ಚೊಲೋ ಕಾಣಂಗಿಲ್ಲ," ಎಂದು ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ.

ಮರುದಿನ ಸಂಜೆ ಕೆಲಸದಿಂದ ಬರುವಾಗ ಒಂದು ಕಟ್ಟು ಲೇಬಲ್ಲು ತಂದ. ಔಷಧದ ರಟ್ಟಿನ ಖೋಕಾಗಳಿಗೆ ಅಂಟಿಸಲು ಛಾಪಿಸಿ, ಅಕ್ಷರ ಕೆಟ್ಟದ್ದರಿಂದ ಬಿಸಾಕುವ ಲೇಬಲ್ಲುಗಳು. ಹಿಂಬದಿ ಖಾಲಿ ಇರುತ್ತಿತ್ತು. ಗ್ಯಾಲರಿಯಲ್ಲಿ ನೀರಿನ ಡ್ರಮ್ಮಿನ ಮೇಲೆ ಅವನ್ನು ಹರಡಿ ನನ್ನನ್ನು ಕರೆದ.

"ಕುಂದರು ಬಾ. ಹೊರಗ ಬರಬಾರ್ದು ಅನ್ನಾವ್ರು ಏನಂತಾರ ಅನ್ನೂದನ್ನ ನಾ ಒಂದ ದಿನಾನೂ ನೆಟ್ಟಗ ಕೇಳಿಸಿಕೊಂಡಿಲ್ಲ. ಬೈಯೂದನ್ನ ಮಾಡೀನಿ. ಈಗ ಕೇಳಿಸಿಕೊಳ್ಳೂಣು."

ಐದು ಸಂಜೆ ಬರೆದ. ಹಳೆಯ ಪೇಪರುಗಳನ್ನು ಹುಡುಕಿ, ತಾನು ಸಿಟ್ಟಿನಿಂದ ಗೆರೆ ಹೊಡೆದಿದ್ದ ಲೇಖನಗಳನ್ನೇ ಮತ್ತೆ ಓದಿದ. ಬರೆದದ್ದನ್ನು ನನ್ನಿಂದ ಓದಿಸಿ, ನನ್ನ ನಾಲಿಗೆ ತಡವರಿಸುವ ಶಬ್ದಗಳನ್ನು ತೆಗೆದು ಸಣ್ಣ ಶಬ್ದ ಹಾಕಿದ. ನಾನು ಅವನ ಜೊತೆ ಅಷ್ಟು ಹೊತ್ತು ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು. ಮೂರನೆಯ ಸಂಜೆಯ ಹೊತ್ತಿಗೆ ಅವನಿಗೆ ಬರವಣಿಗೆ ಹಿಡಿಸಿಬಿಟ್ಟಿತ್ತು. ಸ್ನಾನಕ್ಕೂ ಹೋಗದೆ ಗುಳಿಗೆಯ ವಾಸನೆಯ ಅಂಗಿಯಲ್ಲೇ ಕೂತುಬಿಡುತ್ತಿದ್ದ.

ಭಾಷಣದಲ್ಲಿ ಪುಸ್ತಕದ ಮಾತು ಒಂದೂ ಇರಲಿಲ್ಲ. ನಮ್ಮ ಚಾಳಿನ ನಲ್ಲಿಯಿಂದ ಶುರುವಾಗುತ್ತಿತ್ತು. ನೀರಿನ ಪಾಳಿಯ ನಿಯಮ ಅನ್ಯಾಯ ಎಂದು ಒಂದು ಮನೆಯವರು ಚಾಳಿನ ಸಭೆ ಬಿಟ್ಟು ಎದ್ದು ಹೋದರೆ ನಿಯಮ ಬದಲಾಗುವುದಿಲ್ಲ, ಅವರಿಲ್ಲದ ಸಭೆಯಲ್ಲಿ ಅವರ ಪಾಳಿ ಕೊನೆಗೆ ಹೋಗುತ್ತದೆ. ಆಮೇಲೆ ಖೋಕಾದ ಮಾತು. ನಮ್ಮಪ್ಪ ಕಟ್ಟುವ ಖೋಕಾಗಳಲ್ಲಿ ಅರ್ಧ, ಅವನಿಗೆ ಓದಲು ಬಾರದ ಭಾಷೆಯ ಲೇಬಲ್ಲು ಹೊತ್ತು ಹಡಗು ಹತ್ತುತ್ತವೆ. ನಾವು ಬಾಗಿಲು ಹಾಕಿಕೊಂಡರೆ ಆ ಖೋಕಾಗಳನ್ನು ಯಾರು ಇಳಿಸಿಕೊಳ್ಳುತ್ತಾರೆ? ಕೊನೆಯ ಲೇಬಲ್ಲಿನ ಹಿಂದೆ ಅಪ್ಪ ಒಂದು ಪ್ಯಾರಾ ಬೇರೆಯಾಗಿ ಬರೆದಿದ್ದ. ಒಳಗೆ ಇರುವುದೆಂದರೆ ಬಾಯಿ ಮುಚ್ಚಿಕೊಂಡು ಇರುವುದಲ್ಲ, ಔಷಧದ ನಿಯಮ ಬಡವರನ್ನು ಕೊಲ್ಲುವ ನಿಯಮ, ಅದು ಹೋಗುವವರೆಗೆ ನಮ್ಮ ಸರ್ಕಾರ ಅಲ್ಲೇ ಕೂತು ಜಗಳ ಮಾಡಬೇಕು, ಮಾಡದಿದ್ದರೆ ನಾವು ಬೀದಿಯಲ್ಲಿ ಸರ್ಕಾರದ ಜೊತೆ ಜಗಳ ಮಾಡಬೇಕು. ಅದನ್ನು ಬರೆದ ಮೇಲೆ ಅವನಿಗೆ ನೆಮ್ಮದಿಯಾದಂತಿತ್ತು.

"ಇದೊಂದು ಮಾತು ಬಿಡಬ್ಯಾಡವಾ," ಎಂದ. "ಇದ ಇದ್ರ ಉಳದದ್ದೆಲ್ಲಾ ಹೇಳಬಹುದು."

ಭಾನುವಾರ ಬೆಳಗ್ಗೆ ಡೊಂಬಿವಲಿ ಪೂರ್ವದ ಒಂದು ಸಭಾಗೃಹದಲ್ಲಿ ಸ್ಪರ್ಧೆ. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮೂರನೆಯ ಸಾಲಿನಲ್ಲಿ ಕೂತ. ಕಾಕಾ ಪ್ಯಾಕಿಂಗ್ ವಿಭಾಗದ ಮೂವರನ್ನು ಕರೆದುಕೊಂಡು ಬಂದಿದ್ದ. ಸೆಕ್ರೆಟರಿಯ ಮಗಳು ಒಕ್ಕೂಟದ ಮೇಲೆ ಮಾತಾಡುತ್ತಾಳೆ ಎಂದಷ್ಟೇ ಅವರಿಗೆ ಗೊತ್ತಿತ್ತು. ಚೀಟಿಯ ಸಂಗತಿಯನ್ನು ಅಪ್ಪ ಯಾರಿಗೂ ಹೇಳಿರಲಿಲ್ಲ. ನಾಚಿಕೆಯೋ, ಹೇಳಿದರೆ ದೊಡ್ಡದಾಗುತ್ತದೆ ಎಂದೋ, ನನಗೆ ಗೊತ್ತಿಲ್ಲ.

ನನ್ನ ಸರದಿ ಬಂತು. ಮೊದಲ ಎರಡು ವಾಕ್ಯ ನಡುಗಿದವು. ನಲ್ಲಿಯ ಮಾತಿಗೆ ಜನ ನಕ್ಕರು. ಆ ನಗು ಕೇಳಿದ್ದೇ ನನ್ನ ಭಯ ಹಾರಿಹೋಯಿತು. ಖೋಕಾದ ಮಾತಿಗೆ ಚಪ್ಪಾಳೆ ಬಿತ್ತು. ಹದಿನೇಳು ವರ್ಷದಲ್ಲಿ ನನಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ, ಅದೂ ಕನ್ನಡಕ್ಕೆ. ಎಚ್ಚರಿಕೆಯ ಗಂಟೆ ಬಾರಿಸಿದರು. ಇನ್ನೂ ಒಂದು ನಿಮಿಷವಿತ್ತು. ಕೈಯಲ್ಲಿ ಕೊನೆಯ ಲೇಬಲ್ಲು ಇತ್ತು. ಚಪ್ಪಾಳೆ ಬಿದ್ದ ಜಾಗದಲ್ಲೇ ನಿಲ್ಲಿಸಿದರೆ ಗೆಲ್ಲುತ್ತೇನೆ, ಇದನ್ನು ಓದಿದರೆ ಅರ್ಧ ಎದುರು ಪಕ್ಷದ ಮಾತೇ ಆಗುತ್ತದೆ ಎಂದು ಆ ಕ್ಷಣದಲ್ಲಿ ಲೆಕ್ಕ ಹಾಕಿದೆ. "ಆದ್ದರಿಂದ ನಮ್ಮ ದೇಶ ಹೊರಗೆ ಬರಬಾರದು, ಬರಬಾರದು, ಬರಬಾರದು" ಎಂದು ಮೂರು ಸಲ ಹೇಳಿ ನಮಸ್ಕಾರ ಮಾಡಿದೆ. ಮೂರು ಸಲ ಹೇಳುವುದು ಅಪ್ಪ ಬರೆದದ್ದಲ್ಲ. ಅದು ನನ್ನದು.

ಕೆಳಗೆ ನೋಡಿದೆ. ನಾನು ಮಾತಾಡುವಷ್ಟು ಹೊತ್ತೂ ಅಪ್ಪನ ತುಟಿ ನನ್ನ ಜೊತೆ ಅಲುಗುತ್ತಿದ್ದುದನ್ನು ಗಮನಿಸಿದ್ದೆ. ನಾನು ಮುಗಿಸಿ ವೇದಿಕೆ ಇಳಿಯುವಾಗಲೂ ಅವು ಅಲುಗುತ್ತಿದ್ದವು. ಚಪ್ಪಾಳೆಯ ನಡುವೆ ಅವನು ಒಬ್ಬನೇ ಆ ಪ್ಯಾರಾವನ್ನು ಹೇಳಿ ಮುಗಿಸುತ್ತಿದ್ದ.

ಮೊದಲ ಬಹುಮಾನ ನನಗೆ ಬಂತು. ಅಧ್ಯಕ್ಷರು ಅಪ್ಪನನ್ನು ವೇದಿಕೆಗೆ ಕರೆದು, "ಭಾಷಣ ತಯಾರು ಮಾಡಿಸಿದ್ದು ಇವರೇ. ಕಾರ್ಮಿಕ ಮುಖಂಡರಾಗಿದ್ದೂ ಎಷ್ಟು ವಿಶಾಲವಾಗಿ ಯೋಚನೆ ಮಾಡ್ತಾರೆ ನೋಡಿ," ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನಾನು ಕಾಕಾನನ್ನು ಹುಡುಕಿದೆ. ಅವನ ಕುರ್ಚಿ ಖಾಲಿಯಾಗಿತ್ತು. ಜೊತೆಗೆ ಬಂದ ಮೂವರೂ ಇರಲಿಲ್ಲ. ಅವತ್ತು ಅವ್ವ ಕಾಕಾನಿಗೆಂದು ಮಾಡಿಟ್ಟ ಊಟವನ್ನು ಸಂಜೆಯವರೆಗೆ ಮುಚ್ಚಿಟ್ಟು, ಆಮೇಲೆ ಪಕ್ಕದ ಮನೆಗೆ ಕೊಟ್ಟಳು.

ಸೋಮವಾರ ಗೇಟಿನಲ್ಲಿ ಏನಾಯಿತು ಎಂಬುದು ನನಗೆ ತಿಳಿದದ್ದು ಆಮೇಲೆ. ಅಪ್ಪ ಬಸ್ಸಿಳಿದು ಬರುವಾಗ ಒಬ್ಬ ಮರಾಠಿಯವನು "ಘರಾತ್ ಏಕ್, ಗೇಟ್‌ವರ್ ಏಕ್" ಎಂದನಂತೆ. ಮನೆಯಲ್ಲೊಂದು, ಗೇಟಿನಲ್ಲೊಂದು ಎಂದು. ಆ ದಿನಗಳಲ್ಲಿ ಆಡಳಿತದವರು ಕೆಲಸದಿಂದ ತೆಗೆಯಬೇಕಾದವರ ಪಟ್ಟಿ ಮಾಡುತ್ತಿದ್ದಾರೆ ಎಂಬ ಗುಸುಗುಸು ಇತ್ತು. ಹೆದರಿದ ಜನಕ್ಕೆ ಯಾರ ಮೇಲಾದರೂ ಸಂಶಯ ಬೇಕಿತ್ತು. ಸೆಕ್ರೆಟರಿ ಸಾಹೇಬರು ಮಾಲೀಕರ ಭಾಷಣವನ್ನು ಮಗಳ ಬಾಯಲ್ಲಿ ಹೇಳಿಸಿದರು ಎಂದು ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ವಿಭಾಗಕ್ಕೂ ಹಬ್ಬಿತು. ಬುಧವಾರ ಯೂನಿಯನ್ನಿನ ಸಭೆ ಕರೆದರು. ಚೀಟಿಯಲ್ಲಿ ಬಂದ ಪಕ್ಷ ಎಂದು ಅಪ್ಪ ಹೇಳಿದನಂತೆ. "ಬರೆದವನು ಯಾರು?" ಎಂದು ಒಬ್ಬ ಕೇಳಿದ. "ನಾನೇ," ಎಂದ ಅಪ್ಪ. "ಬರೆದದ್ದು ಸುಳ್ಳೋ ಖರೆಯೋ?" ಎಂದರು. ಸುಳ್ಳು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪ, "ಸುಳ್ಳಂತೂ ಅಲ್ಲ," ಎಂದ.

ಆ ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, "ಸೆಕ್ರೆಟರಿ ಕೆಲಸ ಬಿಟ್ಟೆ," ಎಂದು ಅವ್ವನಿಗೆ ಹೇಳಿದ. ಅವ್ವ ನನ್ನ ಕಡೆ ನೋಡಿದಳು. ಅಪ್ಪ ನೋಡಲಿಲ್ಲ.

ಮೋರ್ಚಾಕ್ಕೆ ಅವನು ಹೋದ. ಬ್ಯಾಡ ಎಂದು ಅವ್ವ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಯ ಸಾಲಿನಲ್ಲಿ ಬಾವುಟ ಹಿಡಿದು ನಡೆದನಂತೆ. ಅವನ ಎಡಬಲದ ಜಾಗ ಖಾಲಿ ಇತ್ತಂತೆ. ಮನೆಗೆ ಬಂದಾಗ ಗಂಟಲು ಬಿದ್ದುಹೋಗಿತ್ತು. ಎರಡು ದಿನ ಮಾತು ಹೊರಡಲಿಲ್ಲ. ಅವ್ವ ಬಿಸಿನೀರು ಕಾಸಿ ಕೊಡುತ್ತಿದ್ದಳು.

ಭಾನುವಾರಗಳು ಬಂದವು, ಕಾಕಾ ಬರಲಿಲ್ಲ. ಒಂದು ತಿಂಗಳು ನೋಡಿ, ಕಾಲೇಜು ಬಿಟ್ಟ ಮೇಲೆ ನಾನೇ ಕಲ್ಯಾಣಕ್ಕೆ ಹೋದೆ. ಲೇಬಲ್ಲುಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡಿದ್ದೆ. ಕಾಕಾ ಖೋಲಿಯ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ. ನನ್ನನ್ನು ಕಂಡು ಎದ್ದ, ಒಳಗೆ ಕರೆದ, ಚಹಾ ಕಾಸಿದ. ನಾನು ಕೊನೆಯ ಲೇಬಲ್ಲನ್ನು ಅವನ ಕೈಗಿಟ್ಟೆ.

"ಕಾಕಾ, ಇದನ್ನೂ ಅಪ್ಪ ಬರೆದಿದ್ದ. ನಾ ಹೇಳಲಿಲ್ಲ. ಬೇಕಂತಲೇ ಬಿಟ್ಟೆ. ತಪ್ಪು ನಂದು."

ಅವನು ಬೆಳಕಿಗೆ ಹಿಡಿದು, ಬೆರಳಿಟ್ಟು, ನಿಧಾನವಾಗಿ ಓದಿದ. ಎರಡು ಸಲ ಓದಿದ. ಮಡಚದೆ ಹಾಗೇ ವಾಪಸು ಕೊಟ್ಟ.

"ಇದು ಅವತ್ತ ಹೇಳಿದ್ದರ ನಾ ಎದ್ದು ಬರ್ತಿದ್ದಿಲ್ಲ," ಎಂದ. ಆಮೇಲೆ ತಾನೇ ತಿದ್ದಿಕೊಂಡ, "ಇಲ್ಲ, ಬರ್ತಿದ್ದೆ. ಸುಳ್ಳ್ಯಾಕ ಹೇಳ್ಲಿ. ನೀ ಅಂದ ಒಂದು ಮಾತಿಗೂ ನನ್ನ ಬಲ್ಲಿ ಜವಾಬ ಇರ್ಲಿಲ್ಲ, ತಂಗಿ. ಅದಕ್ಕೇ ಸಿಟ್ಟು ಬಂತು. ಹದಿನೈದು ವರ್ಷ ಅವ ಹೇಳಿದ್ದೇ ಖರೇ ಅಂತ ಮಂದಿಗಿ ಹೇಳ್ಕೋತ ಬಂದಾವ ನಾ. ಈಗ ಅವನೇ ಇದೂ ಖರೇ ಅಂದ್ರ, ನಾ ಮಂದಿಗಿ ಏನು ಹೇಳ್ಲಿ?"

"ಅಪ್ಪನ ಹತ್ತಿರ ಒಂದು ಸಲ ಬಾ ಕಾಕಾ."

"ಬರ್ತೀನಿ," ಎಂದ. ಸ್ಟೇಷನ್ನಿನವರೆಗೆ ನನ್ನ ಜೊತೆ ನಡೆದು ಬಂದ. ನಮ್ಮ ಮನೆಗೆ ಬರಲಿಲ್ಲ.

ಮರುವರ್ಷ ಕಾರ್ಖಾನೆ ಮುಚ್ಚಿತು. ಯಂತ್ರಗಳು ಬೇರೆ ರಾಜ್ಯಕ್ಕೆ ಹೋದವು. ಒಕ್ಕೂಟದ ನಿಯಮಕ್ಕೆ ಹೆದರಿ ಮುಚ್ಚಿದರೋ, ರಬಾಳೆಯ ಜಾಗಕ್ಕೆ ಬೆಲೆ ಬಂದಿತೆಂದು ಮುಚ್ಚಿದರೋ ನಮಗೆ ಯಾರೂ ಹೇಳಲಿಲ್ಲ. ನನ್ನ ಭಾಷಣದಿಂದ ಒಂದು ಯಂತ್ರವೂ ಅಲುಗಿರಲಿಲ್ಲ, ಅಪ್ಪನ ಮೋರ್ಚಾದಿಂದಲೂ ಇಲ್ಲ. ಆಡಳಿತದ ಜೊತೆಗಿನ ಕೊನೆಯ ಮಾತುಕತೆಗೆ ಹೊಸ ಸೆಕ್ರೆಟರಿ ಹೋಗಿದ್ದ. ಅಪ್ಪನಿದ್ದಿದ್ದರೆ ಇನ್ನೂ ಗಟ್ಟಿಯಾಗಿ ಮಾತಾಡುತ್ತಿದ್ದ ಎಂದು ಆಗ ಕೆಲವರು ಹೇಳಿದರಂತೆ.

ಕಾಕಾ ಊರಿಗೆ ಹೊರಟ. ಇನ್ನು ಈ ಕಡೆ ಬರುವುದಿಲ್ಲ ಎಂಬ ಸುದ್ದಿ ಯಾರಿಂದಲೋ ಬಂತು. ಅವ್ವ ಬೆಳಗ್ಗೆ ಎದ್ದು ಹತ್ತು ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ ಅಪ್ಪನ ಕೈಗೆ ಕೊಟ್ಟಳು. "ಮಾತಾಡ್ರಿ ಬಿಡ್ರಿ, ಬುತ್ತಿಯರೇ ಕೊಟ್ಟ ಬರ್ರಿ," ಎಂದಳು. ಅಪ್ಪ ಕಲ್ಯಾಣ ಸ್ಟೇಷನ್ನಿಗೆ ಹೋದ. ಮಧ್ಯಾಹ್ನ ಗಂಟು ಹಿಡಿದುಕೊಂಡೇ ವಾಪಸು ಬಂದ.

"ಸಿಗಲಿಲ್ಲೇನು?" ಎಂದಳು ಅವ್ವ.

"ಸಿಕ್ಕಿದ್ದ. ಕಿಡಕಿ ಹಂತ್ಯಾಕ ಕುಂತಿದ್ದ. ಭಾಳ ಗದ್ದಲಿತ್ತು."

ಅಷ್ಟೇ ಹೇಳಿದ. ಕಿಟಕಿಯವರೆಗೆ ಹೋಗಿದ್ದನೋ, ಹೋಗದೆ ಕಂಬದ ಹಿಂದೆ ನಿಂತು ನೋಡಿ ಬಂದನೋ, ನಮಗೆ ಯಾವತ್ತೂ ತಿಳಿಯಲಿಲ್ಲ. ಆ ರೊಟ್ಟಿಗಳನ್ನು ನಾವು ಮೂವರೂ ಕೂತು ಉಂಡೆವು.

ಆಮೇಲೆ ಅಪ್ಪ ಠಾಣೆಯ ಘೋಡಬಂದರ್ ರಸ್ತೆಯಲ್ಲಿ ಹೊಸದಾಗಿ ಎದ್ದ ಒಂದು ಕಾಂಪ್ಲೆಕ್ಸಿನಲ್ಲಿ ವಾಚ್‌ಮನ್ ಆದ. ಪೇಪರ್ ತರುವುದನ್ನು ಬಿಟ್ಟುಬಿಟ್ಟ. ಹೊಟೇಲಿನವರು ಕೆಲವು ವಾರ ತೆಗೆದಿಟ್ಟು, ಆಮೇಲೆ ಅವರೂ ನಿಲ್ಲಿಸಿದರು. ನಾನು ಹಟ ಹಿಡಿದು ಮನೆಯಲ್ಲಿ ಕನ್ನಡದಲ್ಲೇ ಮಾತಾಡುತ್ತಿದ್ದೆ. ಅಪ್ಪ ಹ್ಞೂಂ ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಅವನಿಗೆ ಡಬ್ಬಿ ಕೊಡಲು ಹೋಗಿದ್ದೆ. ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಉಣ್ಣುತ್ತಿದ್ದ. ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿಯೇಬಿಟ್ಟೆ.

"ಅಪ್ಪಾ, ಖರೇ ಹೇಳು. ಹೊರಗೆ ಬರಬೇಕಿತ್ತಾ, ಬ್ಯಾಡಾಗಿತ್ತಾ? ನಿನಗೆ ಏನನ್ನಿಸ್ತಿತ್ತು?"

ಅವನು ತುತ್ತು ನುಂಗಿ, ನೀರು ಕುಡಿದ.

"ಗೇಟಿನ್ಯಾಗ ನಿಂತು ಬರಬೇಕು ಅಂತ ಒದರೂ ಮುಂದ ಅದು ಖರೇ ಅನಸ್ತಿತ್ತು. ಡ್ರಮ್ಮಿನ ಮ್ಯಾಲ ಕುಂತು ಬರಿಯೂ ಮುಂದ ಇದೂ ಖರೇ ಅನಿಸ್ತು. ಎರಡೂ ಖರೇ ಅನಿಸಿದಾಂವ ಎಲ್ಲಿ ಹೋಗಿ ಕುಂದರಬೇಕವಾ? ಅಂಥಾವರಿಗೆ ಜಾಗಾ ಎಲ್ಲೂ ಇರಲಿಲ್ಲ."

ಆ ಹೊತ್ತಿಗೆ ಹೊರಗೆ ಕಾರಿನ ಹಾರ್ನ್ ಕೇಳಿಸಿತು. ಅಪ್ಪ ಕೈ ಝಾಡಿಸಿಕೊಂಡು ಎದ್ದು ಗೇಟು ತೆಗೆದ, ಕಾರಿನವನಿಗೆ ಸಲಾಮು ಹೊಡೆದ, ಗೇಟು ಹಾಕಿದ. ಬಂದು ಡಬ್ಬಿ ಮುಚ್ಚಿ, "ಬಿಸಲ ಭಾಳ ಐತಿ, ಲಗೂನ ಹೋಗು," ಎಂದ.

ಅವನು ಆ ಕೆಲಸದಲ್ಲಿ ಒಂದೂವರೆ ವರ್ಷ ಇದ್ದ. ಒಂದು ಬೆಳಗ್ಗೆ ಕೆಲಸಕ್ಕೆ ಹೊರಡಲು ಬೂಟು ಕಟ್ಟಿಕೊಳ್ಳುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಮಣ್ಣು ಮಾಡಲು ಚಾಳಿನವರು ಬಂದರು, ಹೊಟೇಲಿನವರು ಬಂದರು. ಪ್ಯಾಕಿಂಗ್ ವಿಭಾಗದಿಂದ ಇಬ್ಬರು ಬಂದು ದೂರದಲ್ಲಿ ನಿಂತಿದ್ದು ಹೋದರು.

ಹದಿಮೂರು ದಿನ ಕಳೆದ ಮೇಲೆ ಕಾಕಾನ ಊರಿಗೆ ಒಂದು ಕಾರ್ಡು ಬರೆದೆ. ಕನ್ನಡದಲ್ಲಿ, ಯಾರ ಸಹಾಯವೂ ಇಲ್ಲದೆ ನಾನು ಬರೆದ ಮೊದಲ ಕಾಗದ ಅದು. ಅಪ್ಪ ತೀರಿಕೊಂಡ, ನೋವು ಬಹಳ ಹೊತ್ತು ಇರಲಿಲ್ಲ, ಅವ್ವ ನಿನ್ನನ್ನು ಕೇಳುತ್ತಿರುತ್ತಾಳೆ ಎಂದು ಬರೆದೆ. ಇನ್ನೂ ಜಾಗ ಉಳಿದಿತ್ತು, ಆದರೆ ಏನು ಬರೆಯಬೇಕೆಂದು ಹೊಳೆಯಲಿಲ್ಲ. ಊರಿನ ಹೆಸರು ಮಾತ್ರ ಗೊತ್ತಿತ್ತು, ಓಣಿ ಗೊತ್ತಿರಲಿಲ್ಲ. ಕಾರ್ಡು ಅವನಿಗೆ ಮುಟ್ಟಿತೋ ಇಲ್ಲವೋ, ಉತ್ತರ ಬರಲಿಲ್ಲ.